ಕಾಲು ಕಾಣುವ ಕಡೆ

ಗಾಳಿಗೋಪುರ ಎಂದರೆ ನಮ್ಮ ಮಾತಿನಲ್ಲಿ
ಕಟ್ಟುವ ಮೊದಲೇ ಬಿದ್ದುಹೋದ ಮನೆ.
ಯಜ್ದ್ ಊರಿನಲ್ಲಿ ಅದು ಮಣ್ಣಿನದು, ಹುಲ್ಲು ಬೆರೆಸಿ ಮೆತ್ತಿದ್ದು.
ಮಾಳಿಗೆಯ ಮೇಲೆ ನೆಟ್ಟಗೆ ನಿಂತು
ಮರುಭೂಮಿಯ ಗಾಳಿಯನ್ನು ಕುತ್ತಿಗೆ ಹಿಡಿದು
ನೆಲಮನೆಗೆ ಇಳಿಸುತ್ತದೆ.
ಆಗಾಗ ಗಾರೆಯವನನ್ನು ಕರೆಸಬೇಕು.

ಹಾಗೆ ಕರೆಸಿಕೊಳ್ಳುತ್ತಿದ್ದವರಲ್ಲಿ ಒಬ್ಬ ಖೊದಾದಾದ್.
ಅವನ ಮಗಳು ಗೊಹರ್ ಮಣ್ಣು ಮುಟ್ಟಲಿಲ್ಲ;
ತಾಮ್ರಗಾರರ ಓಣಿಯ ಕೊನೆಗೆ, ಎರಡು ಮೆಟ್ಟಿಲು ಕೆಳಗೆ
ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಳು.
ತಿರುಪುಗಳೆಲ್ಲ ಮಿಠಾಯಿಯ ಖಾಲಿ ಡಬ್ಬಿಯಲ್ಲಿ.

ಇವತ್ತು ಮನ್ಸೂರೆ ಬಂದಿದ್ದಾಳೆ,
ಮಗುವಿನಂತೆ ಕಂಬಳಿಯಲ್ಲಿ ಸುತ್ತಿ ತಂದಿದ್ದಾಳೆ ಯಂತ್ರವನ್ನು.
ರೇಷ್ಮೆ ಮಗ್ಗಕ್ಕೆ ಚಿತ್ತಾರ ಬರೆಯುವವಳು:
ನಾವು ಮಾವಿನಕಾಯಿ ಎನ್ನುವುದನ್ನೇ
ಗಾಳಿಗೆ ಬಾಗಿದ ಸೈಪ್ರೆಸ್ ಮರ ಎನ್ನುವವಳು.
"ಮಧ್ಯಾಹ್ನ ಎರಡಾದರೆ ಸಾಕು, ಪ್ರಾಣ ಬಿಡುತ್ತದೆ.
ಅರ್ಧ ಬಿಡಿಸಿದ ಮರ ಹಾಗೇ ಮಾಯ.
ತಮ್ಮ ಧೂಳು ಒರೆಸಿಕೊಟ್ಟ ಮೇಲೆ ಹೀಗೆ."
ತಮ್ಮಂದಿರು ಒರೆಸಿದ ಮೇಲೇ ಹೀಗಾಗುವುದು
ಎಂದು ಗೊಹರ್ ಹೇಳಲಿಲ್ಲ.

ಮುಚ್ಚಳ ತೆಗೆದಳು.
ಪ್ರೊಸೆಸರಿನ ನೆತ್ತಿಯ ಮೇಲೆ ಅಲ್ಯೂಮಿನಿಯಂ ಹಾಳೆಗಳ ಅಟ್ಟಿ,
ಅದರ ಆಚೆಗೊಂದು ಈಚೆಗೊಂದು ಫ್ಯಾನು,
ಎರಡೂ ಒಳಮುಖ.
ಮದುವೆಮನೆಯಲ್ಲಿ ಬೀಗಿತಿಯರಿಬ್ಬರು
ಒಟ್ಟಿಗೇ ಮಾತಾಡಿದ ಹಾಗೆ
ಎದುರುಬದುರು ನಿಂತು ಊದುತ್ತಿವೆ, ಊದುತ್ತಿವೆ.
ನಡುವೆ ಸಿಕ್ಕಿಬಿದ್ದ ಬಿಸಿ
ಯಾರಿಗೆ ಹೂಂ ಎನ್ನಲಿ, ಎಲ್ಲಿಂದ ಎದ್ದು ಹೋಗಲಿ?

ಎರಡೂ ತಿರುಗುತ್ತಿದ್ದವು. ಸದ್ದೂ ಸರಿಯಿತ್ತು.
ತಪ್ಪು ತಿರುಗುವುದರಲ್ಲಿ ಇರಲಿಲ್ಲ.

ಗಾಳಿ ಬಂದಾಗ ತೂರಿಕೋ ಎನ್ನುತ್ತೇವೆ.
ಆಗಲಿ.
ಯಾವ ಕಡೆಯಿಂದ ಬಂತು ಎಂದು ನೋಡದೆ ತೂರಿದವನ
ಕಣ್ಣ ತುಂಬ ಹೊಟ್ಟು.

"ಇಲ್ಲಿ ನೋಡು, ಬೋಳು ಮುಖ ಎಳೆದುಕೊಳ್ಳುತ್ತದೆ.
ಬೆನ್ನ ಮೇಲೆ ಮೋಟರು ಹಿಡಿದ ನಾಲ್ಕು ಕಾಲು ಕಾಣುತ್ತಲ್ಲ,
ಗಾಳಿ ಹೊರಡುವುದು ಈ ಕಡೆಗೆ.
ಅಂಚಿನಲ್ಲಿ ಬಾಣ ಕೆತ್ತಿರುತ್ತಾರೆ, ಅಕ್ಕಿಕಾಳಿನಷ್ಟು.
ಕೆಲವರು ಅದನ್ನೂ ಕೆತ್ತುವುದಿಲ್ಲ."
ತಂತಿಯ ಕೊಂಡಿ ಬಿಚ್ಚಿ, ಹಿಂದಿನ ಫ್ಯಾನಿನ ಮುಖ ತಿರುವಿ,
ಮತ್ತೆ ಸಿಕ್ಕಿಸಿದಳು. ಅಷ್ಟೇ ಕೆಲಸ.
ಇದಕ್ಕೆ ಎಷ್ಟು ದುಡ್ಡು ಕೇಳುವುದು
ಎಂಬುದೇ ಅವಳಿಗೆ ದೊಡ್ಡ ಯೋಚನೆ.

ಮೂಲೆಯ ಸ್ಟೂಲಿನಲ್ಲಿ ಚಹಾ ಲೋಟ ಹಿಡಿದ ಖೊದಾದಾದ್:
"ಗಾಳಿ ಬಿದ್ದುಹೋದ ದಿನ ಏನು ಮಾಡುತ್ತದೆ ಇದು?"
"ಇದಕ್ಕೆ ಮೋಟರಿದೆ ಅಪ್ಪ."
"ಗೋಪುರಕ್ಕೆ ಇಲ್ಲ. ಗಾಳಿ ನಿಂತ ದಿನ
ಅದೇ ಬಾಯಿಂದ ಬಿಸಿ ತಾನಾಗಿ ಮೇಲೇರುತ್ತದೆ.
ಬಿಸಿಗೆ ದಾರಿ ಗೊತ್ತು. ಅಡ್ಡ ನಿಲ್ಲಬಾರದು, ಅಷ್ಟೆ."
ಈ ವಾರ ಇದು ನಾಲ್ಕನೆಯ ಸಲ.

ಅವನು ಗೋಪುರದ ಬಾಯಿಗೆ ಚಿಟಿಕೆ ಹೊಟ್ಟು ತೂರಿ
ಅದು ಬೀಳುವುದನ್ನೋ ಏಳುವುದನ್ನೋ ನೋಡುತ್ತಿದ್ದ.
ಇವಳು ಕೈವಸ್ತ್ರದ ಕಾಗದ ಹರಿದು
ಒಂದು ಎಳೆಯನ್ನು ಹಿಂದಿನ ಜಾಲರಿಯ ಬಳಿ ಹಿಡಿದಳು.
ಎಳೆ ಒಂದು ಕ್ಷಣ ಸುಮ್ಮನಿತ್ತು.
ಆಮೇಲೆ ಹೊರಮುಖವಾಗಿ
ಹಾರತೊಡಗಿತು.
ಮನ್ಸೂರೆ ಅದಕ್ಕೆ ಅಂಗೈ ಒಡ್ಡಿದಳು. "ಬೆಚ್ಚಗಿದೆ," ಎಂದಳು,
ಕರುವಿನ ಉಸಿರು ತಾಕಿದವಳಂತೆ.

ಅವಳು ಹೋದ ಮೇಲೆ
ನಾನು ಕಿಟಕಿಯ ಕಡೆ ಬೆರಳು ತೋರಿಸಿದೆ:
ಗೊಹರ್, ನಿನ್ನ ಅಂಗಡಿಯ ಫ್ಯಾನಿನ ಕಾಲು ಒಳಗಡೆ ಇವೆ.
ಓಣಿಯ ಗಾಳಿಯೆಲ್ಲ ಒಳಗೆ ಬರುತ್ತಿದೆ.

ಗೊತ್ತು, ಎಂದಳು. ಹದಿನಾಲ್ಕು ವರ್ಷದಿಂದ.
ಎದುರಿನವನು ನಾಲ್ಕು ಗಂಟೆಗೆ ರೊಟ್ಟಿ ತೆಗೆಯುತ್ತಾನೆ,
ತಡಿ, ಈಗ.